ಹೇಳಬಾರದ ನೌಕರಿ

ವಿಮಾನದ ಮೂಗಿನಲ್ಲಿ ಕೂರಿಸುವ ರಾಡಾರ್‌ಗಳನ್ನು ರೂಪಿಸುತ್ತಲೇ ನನ್ನ ಆಯುಷ್ಯ ಸವೆಯಿತು. ಈಗ ರಾಡಾರ್ ಶಾಲೆಯ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ. ನಿಜಾಮರ ರಾಜ್ಯವಿದ್ದ, ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಮಾತ್ರ ಆ ಹೆಸರನ್ನೇ ಎತ್ತುವಂತಿರಲಿಲ್ಲ. ನಾನಾಗ ಫೌಜಿನ ವರ್ಕ್‌ಶಾಪಿಗೆ ಹೊಸದಾಗಿ ಸೇರಿದ್ದ ರೇಡಿಯೋ ಇಂಜಿನಿಯರ್. ವಿಲಾಯತಿನಿಂದ ಬಂದ ರಾಡಾರ್‌ಗಳು ನಮ್ಮ ಬಿಸಿಲಿಗೆ ಕೈಕೊಡುತ್ತಿದ್ದವು. ಅವುಗಳನ್ನು ಈ ಸೆಕೆಗೆ ಒಗ್ಗಿಸುವುದು ನಮ್ಮ ಕೆಲಸ. ಸೇರಿದ ದಿನವೇ ಸಾಹೇಬರು ಒಬ್ಬೊಬ್ಬರಿಂದಲೂ ಅವರವರ ದೇವರ ಮೇಲೆ ಆಣೆ ಮಾಡಿಸಿದರು. ನಾನು ಅಂಗಿಯೊಳಗೆ ಕೊರಳಲ್ಲಿದ್ದ ಇಷ್ಟಲಿಂಗ ಮುಟ್ಟಿ, ಯಾರಿಗೂ ಹೇಳುವುದಿಲ್ಲ ಎಂದೆ.

ರಜೆಗೆ ನಾರಾಯಣಖೇಡಕ್ಕೆ ಬಂದರೆ ಅವ್ವ ತಾಂಡೂರಿನಲ್ಲಿ ಹೆಣ್ಣು ಗೊತ್ತುಮಾಡಿದ್ದಳು. ತೊಗರಿ ವ್ಯಾಪಾರಿಯ ಮಗಳು. ಅವ್ವನ ಜೊತೆ ನೋಡಲು ಹೊರಟೆ: ಜಹೀರಾಬಾದಿನ ತನಕ ಬಂಡಿ, ಅಲ್ಲಿಂದ ರೈಲು, ವಿಕಾರಾಬಾದಿನಲ್ಲಿ ಇಳಿದು ಇನ್ನೊಂದು ರೈಲು. ಮೈಯೆಲ್ಲ ನುಗ್ಗಾಗಿ ಹೋದವನು ಆಕೆಯ ಮುಖ ಕಂಡದ್ದೇ ದಣಿವು ಮರೆತೆ. ಮಂಡಕ್ಕಿ ಒಗ್ಗರಣೆಯ ಸುಸಲಾದ ತಟ್ಟೆ ಮುಂದಿಟ್ಟು, ಕಣ್ಣೆತ್ತಿ ನನ್ನನ್ನು ಸರಿಯಾಗಿ ನೋಡಿಯೇ ಒಳಗೆ ಹೋದಳು. ಮದುವೆಯಾದರೆ ಇವಳನ್ನೇ ಎಂದುಕೊಂಡೆ.

ಆಕೆಯ ತಂದೆ ನೌಕರಿ ಏನೆಂದರು. ರೇಡಿಯೋದ್ದು ಎಂದೆ. ರೇಡಿಯೋದಲ್ಲಿ ಏನು ಎಂದರು. ಹೇಳುವಂತಿಲ್ಲ ಎಂದೆ. ಅವರ ಮುಖ ಕಪ್ಪಿಟ್ಟಿತು. ಆ ದಿನಗಳಲ್ಲಿ ನೌಕರಿ ಮುಚ್ಚಿಡುತ್ತಿದ್ದವರೆಂದರೆ ಖುಫಿಯಾ ಪೊಲೀಸರು. ಊರವರ ಮಾತು ಕದ್ದು ಕೇಳಿ ಸರ್ಕಾರಕ್ಕೆ ಮುಟ್ಟಿಸುವವರನ್ನು ಯಾರೂ ಹೊಸ್ತಿಲು ದಾಟಿಸುತ್ತಿರಲಿಲ್ಲ. ಹೆಣ್ಣು ಕೊಡುವ ಮಾತಂತೂ ದೂರ. ನಾನು ಪೊಲೀಸನಲ್ಲ ಎಂದೆ. ಪೊಲೀಸನೂ ಹಾಗೆಯೇ ಅನ್ನುತ್ತಾನೆ ಎಂದರು. ಅವ್ವ ನನ್ನ ತೊಡೆ ಚಿವುಟಿದಳು.

“ಲಿಂಗ ಮುಟ್ಟಿ ನೌಕರಿ ಏನಂತ ಹೇಳ್ರಿ. ಇಲ್ಲಾಂದ್ರ ಎದ್ದು ಹೋಗ್ರಿ,” ಎಂದರು ಅವರು.

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಆ ಹುಡುಗಿ ಬಾಗಿಲ ಮರೆಯಲ್ಲಿ ನಿಂತದ್ದು ಗೊತ್ತಿತ್ತು, ನುಂಗಿಕೊಂಡೆ.

“ಯಾರಿಗೂ ಹೇಳಂಗಿಲ್ಲಂತ ಇದನ್ನೇ ಮುಟ್ಟಿ ಆಣಿ ಮಾಡೀನ್ರಿ, ಸಾವಕಾರ್ರ. ಈಗ ಇದನ್ನೇ ಮುಟ್ಟಿ ಹ್ಯಾಂಗ ಹೇಳ್ಲಿ?”

ಅವರು ರುಮಾಲು ಸುತ್ತಿಕೊಂಡು ಏಳಲು ಹೊರಟರು. ನಾಚಿಕೆಯಾದರೂ ನಿಜ ಬರೆಯುತ್ತೇನೆ: ನಾನು ಸೋತೆ. ತಾಂಡೂರಿನ ತೊಗರಿ ವ್ಯಾಪಾರಿ ಯಾವ ವೈರಿಗೆ ಸುದ್ದಿ ಕೊಟ್ಟಾನು, ಹೇಳಿಬಿಡೋಣ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಆಕೆಯ ದನಿ ಬಂತು.

“ಅಪ್ಪಾ, ಅವರಿಗಿ ‘ಹೇಳಬ್ಯಾಡ್ರಿ’ ಅನ್ನು. ಆಣಿ ಮುರಿದು ಹೇಳಿದ್ರ ನಾ ಒಲ್ಲೆ.”

ನಾನು ಬಾಯಿ ಮುಚ್ಚಿದೆ. ಅವರು ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ ಮತ್ತೆ ಕೂತರು, ಸಂಬಂಧ ಕುದುರಿತೆಂದು ಬಾಯಿ ಸಿಹಿ ಮಾಡಲು ಸಕ್ಕರೆ ತರಲು ಹೇಳಿದರು.