ತಿಂಡಿ ಆದಮೇಲಿನ ಮಾತ್ರೆ

ಆಯುಧಪೂಜೆಯ ಹಿಂದಿನ ದಿನ ನನ್ನ ಹೆಂಡತಿ ಬೆಳಿಗ್ಗೆಯೇ ವಾಂತಿ ಮಾಡಿಕೊಂಡಳು. ಉಪವಾಸದ ಸುಸ್ತು ಎಂದಳು. ನವರಾತ್ರಿಯುದ್ದಕ್ಕೂ ಅವಳದು ರಾತ್ರಿಯೊಂದೇ ಊಟ, ಮದುವೆಯಾದಾಗಿನಿಂದಲೂ. ಪತ್ರಿಕೆಯಲ್ಲಿ ಕೆಲಸ ಮಾಡುವ ನಾನೂ ನಂಬಿದೆ.

ಮಧ್ಯಾಹ್ನ ಅವಳ ಮಾತು ದಾರಿ ತಪ್ಪಿತು.

"ರೀ, ಗ್ಯಾಸ್ ಆಫ್ ಮಾಡಿದ್ರಾ?"

"ಹಚ್ಚೇ ಇಲ್ವಲ್ಲೇ."

"ಗ್ಯಾಸ್ ಆಫ್ ಮಾಡಿದ್ರಾ? ಪೇಪರ್‌ನೋರಿಗೆ ಬೇರೆಯವರನ್ನ ಕೇಳೋಕಷ್ಟೇ ಬರೋದಾ?"

ಏಳಹೋದವಳು ಗೋಡೆ ಹಿಡಿದಳು. ಕೈ ತಣ್ಣಗೆ ಬೆವರಿತ್ತು. ಆಟೊ ಹತ್ತಿಸಿದೆ. ಹಲಸೂರು ಮೆಟ್ರೊ ಕೆಳಗೆ ಬಾಳೆಕಂಬ, ಬೂದುಗುಂಬಳದ ಗಾಡಿಗಳು ಅರ್ಧ ರಸ್ತೆಗೆ ಬಂದಿದ್ದವು. ಆಟೊ ನಿಂತಿತು. ಅವಳ ತಲೆ ನನ್ನ ಭುಜಕ್ಕೆ ಬಿತ್ತು.

"ಮಾತಾಡಿಸ್ತಾ ಇರಿ ಸಾರ್, ನಿದ್ದೆ ಮಾಡೋಕೆ ಬಿಡ್ಬೇಡಿ," ಎಂದ ಚಾಲಕ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯೆ ಬಿಪಿ ನೋಡಿ, ಇನ್ನೊಮ್ಮೆ ನೋಡಿದರು. "ತುಂಬಾ ಕಮ್ಮಿ ಇದೆ. ದಿನಾ ಏನ್ ಮಾತ್ರೆ ತಗೊತಾರೆ?"

ಸ್ಟೀರಾಯ್ಡ್ ಎಂದೆ. ಅವಳ ರೋಗನಿರೋಧಕ ಶಕ್ತಿ ಅವಳದೇ ಕೀಲುಗಳ ಮೇಲೆ ತಿರುಗಿಬಿದ್ದಿತ್ತು. ಅದನ್ನು ತಣ್ಣಗಿಡಲು ಕಳೆದ ದೀಪಾವಳಿಯಿಂದ ಆ ಮಾತ್ರೆ ನಡೆದಿತ್ತು.

"ಇವತ್ತು ತಗೊಂಡ್ರಾ?"

ಹೆಂಡತಿ ಕಣ್ಣು ಮುಚ್ಚಿಕೊಂಡೇ ಉತ್ತರಿಸಿದಳು: "ಬೆಳಿಗ್ಗೆ ತಿಂಡಿ ಆದ್ಮೇಲೆ ತಗೋಬೇಕು ಅಂದಿದ್ರು. ಹಬ್ಬ ಶುರುವಾದಾಗಿಂದ ತಿಂಡೀನೇ ಇಲ್ವಲ್ಲ."

ಅವಳ ಪ್ರಕಾರ ಅವಳು ಮಾತ್ರೆ ಬಿಟ್ಟಿರಲಿಲ್ಲ. ವೈದ್ಯರ ಮಾತನ್ನೂ ವ್ರತವನ್ನೂ ಒಟ್ಟಿಗೆ ಪಾಲಿಸಿದ್ದಳು.

ವೈದ್ಯೆ ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯಲಿಲ್ಲ. ಸ್ಟೀರಾಯ್ಡ್‌ನದೇ ಚುಚ್ಚುಮದ್ದು ಕೊಟ್ಟು ಡ್ರಿಪ್ ಹಾಕಿಸಿ, ನಂತರ ನನಗೆ ವಿವರಿಸಿದರು. ಮೆದುಳು ಆದೇಶ ಕಳಿಸಿದರೆ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತದೆ. ಬಿಪಿ ನಿಲ್ಲುವುದು, ರೋಗನಿರೋಧಕ ಶಕ್ತಿ ಅಂಕೆಯಲ್ಲಿರುವುದು ಅದರಿಂದ. ಮಾತ್ರೆಯೇ ಆ ಕೆಲಸ ಮಾಡುತ್ತಿದ್ದರೆ ಮೆದುಳು ಆದೇಶ ನಿಲ್ಲಿಸುತ್ತದೆ, ಗ್ರಂಥಿ ಸೊರಗುತ್ತದೆ. ನಮ್ಮ ಪತ್ರಿಕೆಯಲ್ಲೂ ಹಾಗೇ: ಸುದ್ದಿಸಂಸ್ಥೆಯಿಂದ ಸಿದ್ಧ ಸುದ್ದಿ ಬರತೊಡಗಿದರೆ ಜಿಲ್ಲೆಯ ವರದಿಗಾರನಿಗೆ ಯಾರೂ ಫೋನ್ ಮಾಡುವುದಿಲ್ಲ. ಮಾತ್ರೆ ಥಟ್ಟನೆ ನಿಂತಾಗ ಅವಳ ದೇಹದಲ್ಲಿ ಮಾತ್ರೆಯೂ ಇರಲಿಲ್ಲ, ಸ್ವಂತ ಕಾರ್ಟಿಸಾಲೂ ಇರಲಿಲ್ಲ.

"ಉಳೀತಾಳಾ?" ಎಂದು ಕೇಳಿದೆ.

"ಬಿಪಿ ಏರ್ಬೇಕು. ನೋಡೋಣ."

ಪರದೆಯ ಮೇಲಿನ ಅಂಕಿ ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಸ್ವಲ್ಪ ಏರಿತು, ಇಳಿಯಿತು, ಮತ್ತೆ ಏರಿ ನಿಂತಿತು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು.

"ರೀ, ಗ್ಯಾಸು..."

ನಾನು ವೈದ್ಯೆಯತ್ತ ತಿರುಗಿದೆ.

"...ಹಚ್ಚೇ ಇರ್ಲಿಲ್ಲ, ಅಲ್ವಾ?"