ರೋಲರಿನ ಹಗ್ಗಕ್ಕೆ ಇನ್ನೊಂದು ಕೈ

ತಿಕೋಟಾದ ಮೈದಾನದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲ ಮೊಣಕಾಲಿಗೆ ಬಟ್ಟೆ ಬಿಗಿದು, ಊರಿನ ಮಹಿಳಾ ಹಾಕಿ ತಂಡದ ನಾಯಕಿ ಪರಸವ್ವ ಕಲ್ಲಿನ ರೋಲರನ್ನು ಒಬ್ಬರೇ ಎಳೆಯುತ್ತಿದ್ದಾರೆ. ಎರೆ ಮಣ್ಣಿನ ನೆಲ. ನೀರು ಹೊಡೆದು ರೋಲರ್ ಹಾಯಿಸದಿದ್ದರೆ ಬಿರುಕಿಗೆ ಸಿಕ್ಕ ಚೆಂಡು ಎತ್ತ ಜಿಗಿಯುತ್ತದೋ ಹೇಳುವಂತಿಲ್ಲ. ಹಗ್ಗಕ್ಕೆ ಇಬ್ಬರು ಬೇಕು. ಎರಡನೆಯವಳು ಬಂದಿಲ್ಲ. ಪರಸವ್ವನ ಕಣ್ಣೆಲ್ಲ ರಸ್ತೆಯ ಮೇಲೇ ಇದೆ.

ಈ ತಂಡದಲ್ಲೊಂದು ಕಟ್ಟಳೆಯುಂಟು: ಹಿಂದಿನ ಪಂದ್ಯದಲ್ಲಿ ಗೋಲು ಹೊಡೆದವಳು ನಾಯಕಿಯ ಜೊತೆ ರೋಲರ್ ಎಳೆಯಬೇಕು. ಮೆರೆದ ತಲೆ ಒಮ್ಮೆ ನೆಲ ನೋಡಲಿ ಎಂದು ಪರಸವ್ವನೇ ಮಾಡಿದ್ದು. ಕಳೆದ ವಾರ ಬಬಲೇಶ್ವರದಲ್ಲಿ ಮೂರೂ ಗೋಲು ಮುಂದಿನ ಸಾಲಿನ ಆಟಗಾರ್ತಿ ಪೂನಮಳವೇ. ಆದರೆ ಮುಂದೆ ನುಗ್ಗಿದ ಹುಡುಗಿಯರು ಹಿಂದೆ ಬಂದು ಕಾಯಲೇ ಇಲ್ಲ, ನಾಲ್ಕು ಗೋಲು ತಿಂದು ಸೋತರು. "ಸೋತ ಮ್ಯಾಚಿಗೆ ನಾ ಯಾಕ ಕಲ್ಲ ಎಳೀಬೇಕ್ರಿ ಅಕ್ಕಾ? ಗೋಲ್ ಬಿಟ್ಟಾವ್ರು ಎಳೀಲಿ" ಎಂದು ಹೋದ ಪೂನಮ ಅಂದಿನಿಂದ ಬೆಳಿಗ್ಗೆ ಮುಖ ತೋರಿಸಿಲ್ಲ. ಇಂದು ಸಂಜೆ ಅದೇ ಬಬಲೇಶ್ವರದವರು ಇಲ್ಲಿಗೆ ಬರುತ್ತಾರೆ. ಸೋತರೆ ಈ ವರ್ಷದ ಆಟ ಮುಗಿದಂತೆ.

ಪರಸವ್ವನಿಗೆ ಮೂವತ್ತೊಂಬತ್ತು, ಉಳಿದವರೆಲ್ಲ ಇಪ್ಪತ್ತರ ಆಸುಪಾಸು. ಮೈದಾನದಿಂದ ಅವರು ವಿಜಯಪುರದ ಬಸ್ಸು ಹಿಡಿಯಬೇಕು. ಸಿದ್ಧೇಶ್ವರ ಗುಡಿಯ ಹಿಂದಿನ ಖಾನಾವಳಿಯಲ್ಲಿ ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಕೆಲಸ. ರೋಲರಿನ ದೆಸೆಯಿಂದ ಬಸ್ಸು ತಪ್ಪಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

"ಈ ಹುಡುಗ್ಯಾರು ನನಗಿಂತ ಭಾಳ ಚಲೋ ಆಡ್ತಾರ್ರಿ. ಆದ್ರ ಚೆಂಡ ಕೈ ತಪ್ಪಿದ ಕೂಡ್ಲೆ ನಿಂತ ಬಿಡ್ತಾರ. ಹಿಂದಕ ಓಡಿ ಬರೂದು ಯಾರೂ ಚಪ್ಪಾಳಿ ಹೊಡೀಲಾರದ ಕೆಲಸ ನೋಡ್ರಿ," ಎನ್ನುತ್ತಾರೆ ಪರಸವ್ವ.

ರೋಲರ್ ಎಳೆಯದ ಪೂನಮಳಿಗೆ ಇಂದು ಆಟವಿಲ್ಲ ಎಂದು ಪರಸವ್ವ ಹೇಳಿಬಿಟ್ಟಿದ್ದಾರೆ. ತಂಡದ ಕಾರ್ಯದರ್ಶಿ ದೇವಾನಂದ ಬೆಳಿಗ್ಗೆಯೇ ಬಂದು ಕೂಗಾಡುತ್ತಾರೆ. "ಪೂನಮನ್ನ ಹೊರಗ ಕುಂದರಿಸಿದ್ರ ಗೋಲ್ ಯಾರ ಹೊಡೀಬೇಕ ಬೇ? ನಿನ್ನ ಹಟಕ್ಕ ಟೀಮ್ ಮುಳುಗತೈತಿ!" ಪರಸವ್ವ ಜಗ್ಗುವುದಿಲ್ಲ. ಹೆದರಿಕೆಯೇನೋ ಇದ್ದೇ ಇದೆ, ಆದರೂ ಮತ್ತೆ ಹಗ್ಗಕ್ಕೆ ಕೈ ಹಾಕುತ್ತಾರೆ.

ಸಂಜೆ ಪೂನಮ ಮುಖ ಗಂಟು ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದಾಳೆ. ಸುಮಂಗಲಾ ಎಂಬ ಹುಡುಗಿ ಹೇಗೋ ಒಂದು ಗೋಲು ತಳ್ಳುತ್ತಾಳೆ. ಆಮೇಲೆ ಬಬಲೇಶ್ವರದವರು ಮುಗಿಬೀಳುತ್ತಾರೆ. ಇನ್ನು ಹತ್ತು ನಿಮಿಷ ಎನ್ನುವಾಗ, ಹಿಂದೆ ನಿಂತು ತಡೆಯುತ್ತಿದ್ದ ಪರಸವ್ವನ ಮೊಣಕಾಲು ಕೈಕೊಡುತ್ತದೆ. ಕುಂಟುತ್ತ ಹೊರಬಂದವರು ನೇರ ಪೂನಮಳ ಮುಂದೆ ನಿಲ್ಲುತ್ತಾರೆ.

"ನನ್ನ ಜಾಗಾಕ್ಕ ಹೋಗ. ಗೋಲ್ ಹೊಡೀಬ್ಯಾಡ. ಬಿಡಬ್ಯಾಡ, ಅಷ್ಟ."

ಪೂನಮ ಸ್ಟಿಕ್ಕು ಎತ್ತಿಕೊಂಡು ಓಡುತ್ತಾಳೆ. ಕೊನೆಗೆ ಗೋಲ್‌ಕೀಪರಳನ್ನೂ ದಾಟಿದ ಚೆಂಡನ್ನು ಗೆರೆಯ ಮೇಲೆ ಬಿದ್ದು ಸ್ಟಿಕ್ಕಿನಲ್ಲಿ ತಡೆಯುತ್ತಾಳೆ. ಸೀಟಿ ಮೊಳಗುತ್ತದೆ. ಒಂದು-ಸೊನ್ನೆ. ದೇವಾನಂದ ಕುಣಿಯುತ್ತಾರೆ, ಪರಸವ್ವ ಕೂತಲ್ಲೇ ಅಳುತ್ತಾರೆ.

ಮರುದಿನ ನಸುಕಿನಲ್ಲಿ ಪರಸವ್ವ ಕುಂಟಿಕೊಂಡೇ ಮೈದಾನಕ್ಕೆ ಬರುತ್ತಾರೆ. ಹಗ್ಗದ ಒಂದು ತುದಿ ಸುಮಂಗಲಾಳ ಕೈಯಲ್ಲಿದೆ, ಇನ್ನೊಂದು ಪೂನಮಳ ಕೈಯಲ್ಲಿ.

"ನೀ ಎಲ್ಲಿ ಗೋಲ್ ಹೊಡದೀ ಬೇ?"

"ಹೊಡದಿಲ್ಲರಿ ಅಕ್ಕಾ. ತಡದೇನಿ," ಎನ್ನುತ್ತಾಳೆ ಪೂನಮ, ತಲೆ ಎತ್ತದೆ. "ನೀವು ನಡೀರಿ, ನಾವು ಎಳೀತೇವಿ."

ಪರಸವ್ವ ಚೀಲ ಹೆಗಲಿಗೇರಿಸಿ ರಸ್ತೆಯ ಕಡೆ ಹೆಜ್ಜೆ ಹಾಕುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ನಕ್ಕುಬಿಡುತ್ತಾರೆ.

"ಮತ್ತೇನಿಲ್ರಿ. ಇವತ್ತ ನನಗ ಬಸ್ ಸಿಗತೈತಿ."