ಹೆಬ್ಬೆರಳಿಗೊಂದು ಟೋಪಿ

ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಉಗುರು ನೋಡುವುದು ನನ್ನ ಕೆಲಸ. ಕುಷ್ಟಗಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಮುಖಗಳಿಗಿಂತ ಉಗುರುಗಳ ಪರಿಚಯವೇ ಹೆಚ್ಚು ಎಂದರೆ ನೀವು ನಗಬಹುದು, ನಗಿ. ಮಳೆಗಾಲ ಮುಗಿಯುತ್ತ ಬಂದಂತೆ ದೊಡ್ಡ ಹುಡುಗಿಯರ ಕೈಯಲ್ಲಿ ಒಂಬತ್ತು ಉಗುರು ಚೊಕ್ಕ, ಬಲ ಹೆಬ್ಬೆರಳಿನದು ಮಾತ್ರ ಉದ್ದ. ಬೈದರೆ ಎಲ್ಲರದೂ ಒಂದೇ ಉತ್ತರ: "ಅದೊಂದು ಬಿಡ್ರಿ ಸರ್, ಅದು ಹೊಲದ್ದು."

ಹೊಲವೆಂದರೆ ಹತ್ತಿ ಬೀಜದ ಹೊಲ. ಹೈಬ್ರಿಡ್ ಬೀಜ ಬೇಕೆಂದರೆ ಸಂಜೆ ಮೊಗ್ಗನ್ನು ಬಿಡಿಸಿ, ಅದರೊಳಗಿನ ಗಂಡು ಭಾಗವನ್ನು ಹೆಬ್ಬೆರಳ ಉಗುರಿನಿಂದ ಕೆರೆದು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂ ತಂದು ಸವರಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಉಗುರು ಕರಿಯಾಗುತ್ತದೆ, ಸೀಳುತ್ತದೆ, ಕೀವು ಕಟ್ಟುತ್ತದೆ. ಸೀಸನ್ ಮುಗಿಯುವವರೆಗೆ ಹೆಂಗಸರು, ಸಂಜೆ ಮತ್ತು ರಜೆಯ ದಿನ ಅವರ ಜೊತೆ ಹೋಗುವ ದೊಡ್ಡ ಹುಡುಗಿಯರು ಆ ಒಂದು ಉಗುರನ್ನು ಕತ್ತರಿಸುವುದಿಲ್ಲ. ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯೂ ನನ್ನಂತೆಯೇ ಉಗುರು ನೋಡುವವನು. ಚಿಕ್ಕ ಹುಡುಗಿಯರು ಬಂದರೆ ಉಗುರು ಒತ್ತಿ ನೋಡಿ, "ಇನ್ನಾ ಹಸಿ ಐತಿ, ಹೋಗು, ಸಾಲಿಗೆ ಹೋಗು" ಎಂದು ಅಟ್ಟುತ್ತಿದ್ದ.

ಹೀಗಿರುವಾಗ ನಮ್ಮ ಶಾಲೆಗೆ ಪ್ಲಾಸ್ಟಿಕ್ ಎಳೆ ಕರಗಿಸಿ ಬೇಕಾದ ಆಕಾರ ಮಾಡಿಕೊಡುವ ಯಂತ್ರವೊಂದು ಬಂತು. ಹೆಡ್‌ಮಾಸ್ತರರು ಅದಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಬಟ್ಟೆ ಹೊದಿಸಿ, "ಯಾರೂ ಮುಟ್ಟಬ್ಯಾಡ್ರಿ, ಕೆಟ್ಟರ ಯಾರು ಹೊಣಿ?" ಎಂದರು. ಹೊಣೆ ಹೊರಲೆಂದು ನನ್ನನ್ನು ಕೊಪ್ಪಳಕ್ಕೆ ತರಬೇತಿಗೆ ಕಳಿಸಿದರು. ಸುತ್ತಮುತ್ತಲಿನ ಒಂದು ಸಮಸ್ಯೆ ಹುಡುಕಿ, ಮಾದರಿ ಮಾಡಿ, ಬಳಸುವವರ ಕೈಗೆ ಕೊಟ್ಟು ನೋಡಿ, ತಪ್ಪಿದ್ದರೆ ತಿದ್ದಿ ಎಂದು ಅಲ್ಲಿ ಕಲಿಸಿದರು. ಊಟವೂ ಚೆನ್ನಾಗಿತ್ತು.

ಬಂದು ಅದನ್ನೇ ಮಕ್ಕಳಿಗೆ ಒಪ್ಪಿಸಿದೆ. ಹುಡುಗರೆಲ್ಲ ರಾಕೆಟ್ಟು, ರೋಬೋಟು ಬರೆದರು. ಹತ್ತನೆಯ ತರಗತಿಯ ಹುಲಿಗೆಮ್ಮ ಒಂದು ಹೆಬ್ಬೆರಳು ಬರೆದಳು. "ನಮ್ಮವ್ವನ ಹೆಬ್ಬಟ್ಟು ಕೀವಾಗೈತ್ರಿ ಸರ್. ಇದಕ್ಕೊಂದು ಟೋಪಿ ಮಾಡಿದ್ರ?" ನನಗೋ ಹಿಗ್ಗು. ದರ್ಜಿಗಳು ಬೆರಳಿಗೆ ಹಾಕುವ ಅಂಗುಸ್ತಾನವನ್ನು ನೆನೆದು, ಅದು ಪಾರಸಿ ಮಾತು, ನಿಜಾಮರ ಕಾಲದಲ್ಲಿ ನಮ್ಮ ಸೀಮೆಗೆ ಬಂದಿರಬೇಕು ಎಂದೆಲ್ಲ ಕೊರೆದೆ. ನನ್ನ ಕೊರೆತ ಮುಗಿಯುವಷ್ಟರಲ್ಲಿ ಅವಳು ಅಳತೆ ಹಾಕಿ ಮುಗಿಸಿದ್ದಳು.

ಮೊದಲನೆಯದು ಮುರಿಯಿತು, ಇನ್ನೊಂದು ಜಾರಿತು. ಉಗುರಿನಂತೆಯೇ ಅಂಚು ಬಾಗಿಸಿದ ಮೇಲೆ ಸರಿಯಾಯಿತು. ಕೆಲವು ದಿನ ಕಳೆದು ಅವಳ ತಾಯಿಯೇ ಶಾಲೆಗೆ ಬಂದು, "ಹೆಬ್ಬಟ್ಟು ಬದುಕಿತ್ರೀ ಸರ್, ರೊಟ್ಟಿ ಮುರಿಯಾಕ ಬರ್ತೈತಿ ಈಗ" ಎಂದು ಕೈ ಮುಗಿದಳು. ನನ್ನ ಎದೆ ಉಬ್ಬಿದ್ದನ್ನು ಏನು ಹೇಳಲಿ! ಊರ ಹೆಂಗಸರೆಲ್ಲ ಕೇಳಿದರು. ಕರೆಂಟು ಇದ್ದಾಗಲೆಲ್ಲ ಯಂತ್ರ ಟೋಪಿ ಹಡೆಯಿತು.

ಆಮೇಲೆ ಎಂಟನೆಯ ತರಗತಿಯ ಹುಡುಗಿಯರ ಸಾಲು ತೆಳ್ಳಗಾಗತೊಡಗಿತು. ಊರಲ್ಲಿ ಜ್ವರ ಬಂದಿದೆ ಎಂದುಕೊಂಡೆವು. ಹುಲಿಗೆಮ್ಮನ ತಂಗಿ ಗಂಗಮ್ಮನೂ ಕಾಣದಾದಾಗ ಅಕ್ಕನನ್ನು ಕೇಳಿದೆ. ಅವಳು ನೆಲ ನೋಡುತ್ತ ಹೇಳಿದಳು: "ಟೋಪಿ ಇದ್ರ ಹಸಿ ಉಗುರೂ ನಡಿತೈತಂತ್ರಿ. ಮೇಸ್ತ್ರಿ ಈಗ ಸಣ್ಣವರ್ನೂ ಕರಕೊಂಡು ಹೊಂಟಾನ."

ಇಷ್ಟು ದಿನ ಆ ಮಕ್ಕಳನ್ನು ಶಾಲೆಯಲ್ಲಿ ಹಿಡಿದಿಟ್ಟದ್ದು ನಮ್ಮ ಪಾಠವಲ್ಲ, ಬಿಸಿಯೂಟವೂ ಅಲ್ಲ, ಎಳೆಯ ಉಗುರು. ಆ ಬೇಲಿಯನ್ನು ನಾವೇ ಕುಂಕುಮ ಹಚ್ಚಿ ಕಿತ್ತಿದ್ದೆವು. ಮೇಲಿನವರಿಗೆ ತಿಳಿಸಿದೆ, ಅಧಿಕಾರಿಗಳ ಜೀಪು ಬರುವ ಸುದ್ದಿ ಜೀಪಿಗಿಂತ ಮೊದಲೇ ಹೊಲ ಮುಟ್ಟಿತು, ಸಣ್ಣವರು ಯಾರೂ ಸಿಗಲಿಲ್ಲ.

"ಸಣ್ಣವರ ಹೆಬ್ಬಟ್ಟಿಗೆ ನಿಲ್ಲದಂಗ ಮಾಡೂಣ್ರಿ ಸರ್," ಎಂದಳು ಹುಲಿಗೆಮ್ಮ. ಹಳೆಯ ಟೋಪಿಗಳನ್ನು ಮನೆಮನೆಗೆ ಹೋಗಿ ಕೇಳಿ ತಂದಳು. ಬದಲಿಗೆ ದೊಡ್ಡವರ ಬೆರಳಿಗಷ್ಟೇ ಕೂರುವ ಅಗಲದವನ್ನು ಮಾಡಿ ಹಂಚಿದೆವು. ಆದರೂ ಗಂಗಮ್ಮ ಬರಲಿಲ್ಲ. ಅವರ ಮನೆಗೇ ಹೋದೆ. "ಬೆರಳಿಗೆ ಅರಿವಿ ತುಂಡು ಸುತ್ತಿದ್ರ ದೊಡ್ಡ ಟೋಪಿನೂ ಕುಂದರ್ತೈತ್ರಿ," ಎಂದು ತಾಯಿ ಮುಚ್ಚುಮರೆಯಿಲ್ಲದೆ ಹೇಳಿದಳು. ನಾನು ಕಾನೂನು ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ಓದಿಸಬಾರದು ಅಂತ ಐತೇನ್ರಿ ನನಗ? ನನ್ನೊಬ್ಬಾಕಿ ಕೈ ಸಾಲಂಗಿಲ್ಲ. ಇಬ್ಬರೊಳಗ ಯಾರರೆ ಒಬ್ಬಾಕಿ ಬರಬೇಕಲ್ರಿ." ಕಂಬಕ್ಕೆ ಒರಗಿ ನಿಂತಿದ್ದ ಹುಲಿಗೆಮ್ಮ ಎಲ್ಲ ಕೇಳಿಸಿಕೊಂಡಳು. ನಾನು ಚಹಾ ಕುಡಿದು ಎದ್ದು ಬಂದೆ.

ಮುಂದಿನ ಸೋಮವಾರ ಎಂಟನೆಯ ತರಗತಿಯ ಸಾಲಿನಲ್ಲಿ ಗಂಗಮ್ಮ ನಿಂತಿದ್ದಳು! ಕೈ ಚಾಚಿದಳು. ಹತ್ತೂ ಉಗುರುಗಳನ್ನು ಮಾಂಸ ಕಾಣುವಷ್ಟು ಒತ್ತಿ ಕತ್ತರಿಸಲಾಗಿತ್ತು.

"ಯಾರವ್ವಾ ತೆಗೆದದ್ದು?"

"ಅಕ್ಕ ತಗದ್ಲ್ರಿ. ನನ್ನ ಟೋಪಿ ಒಲಿಯಾಗ ಒಗದ್ಲು. ನನ್ನ ಬದ್ಲಿ ಅಕಿ ಹೋಗ್ಯಾಳ್ರಿ, ಅಕಿ ಉಗುರು ಗಟ್ಟಿ ಅದಾವಂತ."

ತಪ್ಪಿದ್ದರೆ ತಿದ್ದಿ ಎಂದು ಕಲಿಸಿದವನು ನಾನೇ. ಹೇಳಿದ ಪಾಠವನ್ನು ಕೊನೆಯ ಸಾಲಿನವರೆಗೆ ಕಲಿತವಳು ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅವಳೊಬ್ಬಳೇ.

ನಾನು ಹತ್ತನೆಯ ತರಗತಿಯ ಸಾಲಿಗೆ ಹೋದೆ. ಒಬ್ಬೊಬ್ಬರ ಕೈಯನ್ನೂ ತಿರುಗಿಸಿ ನೋಡಿದೆ. ಹಿಂದೆ ಬರುತ್ತಿದ್ದ ಹೆಡ್‌ಮಾಸ್ತರರು, "ಈ ಸಲ ಉಗುರು ಭಾಳ ಛಲೋ ಅದಾವಲ್ರೀ!" ಎಂದರು. ಹೌದು, ಟೋಪಿ ಬಂದ ಮೇಲೆ ಹೆಬ್ಬೆರಳಿನದನ್ನೂ ಕತ್ತರಿಸಿಕೊಂಡಿದ್ದರು, ಎಲ್ಲರವೂ ಚೊಕ್ಕವಾಗಿದ್ದವು. ಗಟ್ಟಿ ಉಗುರಿನವಳು ಮಾತ್ರ ಸಾಲಿನಲ್ಲಿ ಇರಲಿಲ್ಲ.